ಬಯಲಿನ ಬಿಳಿ ಬಟ್ಟೆ

ವಿಮಾನ ಮೇಲೇರುವ ಮೊದಲು ಬಯಲಿನಲ್ಲಿ ಒಂದು ಬಿಳಿ ಬಟ್ಟೆ ಹಾಸುತ್ತಿದ್ದೆವು. ಮದುವೆಮನೆಯ ಜಮಖಾನದಷ್ಟು ದೊಡ್ಡದು, ಮೂಲೆಮೂಲೆಗೂ ಕಲ್ಲು ಹೇರಿದ್ದು. ಮೇಲಿನಿಂದ ನಮ್ಮ ಕ್ಯಾಮೆರಾ ಅದನ್ನು ನೋಡಿ ಬಿಳುಪೆಂದರೆ ಇಷ್ಟು ಎಂದು ಅಳತೆ ಹಿಡಿಯಬೇಕು. ಆಮೇಲೆ ಗದ್ದೆಗಳ ಬೆಳಕನ್ನು ಬಣ್ಣಬಣ್ಣವಾಗಿ ಬೇರ್ಪಡಿಸಿ, ಯಾವ ಪೈರು ಸೊಂಪಾಗಿದೆ, ಯಾವುದು ಸೊರಗುತ್ತಿದೆ ಎಂದು ಹೇಳಬೇಕು. ಮನುಷ್ಯರ ಕಣ್ಣಿಗೆ ಕಾಣದ ಬೆಳಕೂ ಅದಕ್ಕೆ ಕಾಣುತ್ತಿತ್ತು.

ಅದನ್ನು ಕಟ್ಟಿದವಳು ಭಾಗೀರಥಿ. ಅದರ ತಂತಿಗಳ ಉಸ್ತುವಾರಿ ನನ್ನದು. ವರ್ಷಗಟ್ಟಲೆ ಆ ಕ್ಯಾಮೆರಾ ಪೆಟ್ಟಿಗೆಯನ್ನು ಅವಳು ಹಸುಗೂಸಿನಂತೆ ಸಾಕಿದ್ದಳು. ಪರಿಶೀಲನಾ ಸಮಿತಿ ಒಪ್ಪಿದರೆ ಹಾರಾಟ ಮುಂದುವರಿಯುತ್ತದೆ, ಇಲ್ಲದಿದ್ದರೆ ಪೆಟ್ಟಿಗೆ ಉಗ್ರಾಣ ಸೇರುತ್ತದೆ ಎಂದು ಮೇಲಧಿಕಾರಿಗಳು ಹೇಳಿಬಿಟ್ಟಿದ್ದರು.

ಸಮಿತಿಗೆ ತೋರಿಸಬೇಕಾದ ಚಿತ್ರ ಬಂತು. ಕೆರೆಯ ಕೆಳಗಿನ ಹಚ್ಚಹಸಿರು ಗದ್ದೆಗಳೆಲ್ಲ ಒಣಗುತ್ತಿವೆ ಎನ್ನುತ್ತಿತ್ತು ಕ್ಯಾಮೆರಾ! ಪೈರು ಒಣಗಿದಾಗ ಏರುವ ಕೆಂಪು ಬೆಳಕಿನ ಲೆಕ್ಕ ಎಲ್ಲ ಕಡೆಯೂ ಏರಿಹೋಗಿತ್ತು. ಮಸೂರ ಬಿಚ್ಚಿದೆವು, ಪೆಟ್ಟಿಗೆ ಬಿಚ್ಚಿದೆವು, ನನ್ನ ತಂತಿಗಳಿಗೂ ಸಾಕಷ್ಟು ಶಾಪ ಬಿತ್ತು. ಏನೂ ಸಿಗಲಿಲ್ಲ. ಮರುದಿನವೇ ಸಮಿತಿ.

ಕಾಫಿಯಾದರೂ ಕುಡಿಯೋಣವೆಂದು ಜೀಪಿನಲ್ಲಿ ಅವಳ ಮನೆಗೆ ಹೋದೆವು. ಅವಳ ತಾಯಿ ತಿರುಮಲಮ್ಮ ಲೋಟ ಕೊಡುತ್ತಾ ಕೇಳಿದರು: “ಬಟ್ಟೆ ಹೇಗಿತ್ತೇ? ಹೋದ್ಸಲ ಕೆಸರು ಮೆತ್ಕೊಂಡಿತ್ತಲ್ಲ, ಒಗೆದು ನೀಲಿಗೆ ಅದ್ದಿದ್ದೆ. ದೊಡ್ಡೋರು ನೋಡೋ ಕೆಲಸ, ಫಳಫಳ ಅನ್ಲಿ ಅಂತ.”

ಭಾಗೀರಥಿಯ ಲೋಟ ತುಟಿಯ ಬಳಿಯೇ ನಿಂತಿತು. ಬಿಳಿ ಬಟ್ಟೆಯಿಂದ ಮೇಲಕ್ಕೆ ಮರಳಬೇಕಾದ ಕೆಂಪು ಬೆಳಕನ್ನು ನೀಲಿಯು ಒಂದಿಷ್ಟು ನುಂಗಿತ್ತು. ಮೊಳ ಗಿಡ್ಡವಾದರೆ ಸೀರೆ ಉದ್ದ ಬಂದಂತೆ, ಗದ್ದೆಗಳ ಕೆಂಪು ಹೆಚ್ಚಾಗಿ ಕಂಡಿತ್ತು.

ಮಗಳ ಮುಖ ನೋಡಿದ್ದೇ ತಿರುಮಲಮ್ಮ ಹೌಹಾರಿದರು. “ಅಯ್ಯೋ, ನಾನೇ ಕೆಡಿಸ್ಬಿಟ್ನಾ! ಎಲ್ಲಿ ಬಟ್ಟೆ? ಈಗ್ಲೇ ಉಜ್ಜಿ ಬಿಡಿಸ್ತೀನಿ.”

“ಮುಟ್ಟಬೇಡಮ್ಮ!” ಭಾಗೀರಥಿ ಓಡಿ ಜೀಪಿನಲ್ಲಿದ್ದ ಬಟ್ಟೆಯನ್ನು ತಬ್ಬಿಕೊಂಡಳು. “ಆ ನೀಲಿ ಹೋದ್ರೆ ನಾನೂ ಹೋದೆ. ಅದು ಎಷ್ಟಿದೆ ಅಂತ ಅಳೆದ್ರೆ ಲೆಕ್ಕ ಸರಿ ಮಾಡ್ಬಹುದು.”

ಮಗಳು ಸಮಾಧಾನಕ್ಕೆ ಹೇಳುತ್ತಿದ್ದಾಳೆಂದುಕೊಂಡು ಮುದುಕಿ ಸೆರಗಿನಿಂದ ಕಣ್ಣೊರೆಸಿಕೊಂಡರು. ನನಗೂ ಸಂಕಟವಾಯಿತು. ಪ್ರಯೋಗಾಲಯಕ್ಕೆ ಹೋಗಿ ಬಟ್ಟೆಯನ್ನು ಅಳೆದೆವು, ಲೆಕ್ಕ ತಿದ್ದಿದೆವು. ಅದೇ ಚಿತ್ರದಲ್ಲಿ ಗದ್ದೆಗಳು ಜೀವ ತಳೆದವು.

ಹಳೆಯ ಚಿತ್ರ ಮುಚ್ಚಿಡೋಣ ಎಂದೆ ನಾನು. ಅವಳು ಕೇಳಬೇಕಲ್ಲ! ಎರಡನ್ನೂ ಸಮಿತಿಯ ಮುಂದಿಟ್ಟಳು.

“ಒಣಗಿದ್ದ ಗದ್ದೆ ಚಿಗುರಿಬಿಡ್ತಾ? ಇದೇನಮ್ಮ ಕಣ್ಕಟ್ಟು?” ಎಂದರು ಅಧ್ಯಕ್ಷ ಮಾದಪ್ಪಯ್ಯ.

ಅವಳು ಮೇಜಿನ ಮೇಲೆ ಬಟ್ಟೆಯ ಒಂದು ಅಂಚು ಹರವಿದಳು. “ಇದರಲ್ಲಿ ನೀಲಿ ಕಾಣುತ್ತಾ ಸರ್?”

ಅವರು ಬಗ್ಗಿ ಬಗ್ಗಿ ನೋಡಿದರು. “ಎಲ್ಲಮ್ಮ? ಅಪ್ಪಟ ಬಿಳಿ.”

“ನಮ್ಮ ಕ್ಯಾಮೆರಾಗೆ ಅಷ್ಟೆತ್ತರದಿಂದ ಕಂಡಿದೆ ಸರ್.” ನಡೆದದ್ದನ್ನೆಲ್ಲ ಹೇಳಿದಳು. “ಅಮ್ಮ ಹೊರಗೆ ಕೂತಿದಾರೆ. ನನ್ನ ಕೆಲಸ ಹಾಳು ಮಾಡ್ದೆ ಅಂತ ಬೆಳಿಗ್ಗೆಯಿಂದ ಹನಿ ನೀರೂ ಮುಟ್ಟಿಲ್ಲ.”

ಮಾದಪ್ಪಯ್ಯ ಎರಡೂ ಚಿತ್ರಗಳನ್ನು ಮತ್ತೊಮ್ಮೆ ನೋಡಿ ನಕ್ಕುಬಿಟ್ಟರು. “ಕರೀರಿ ಒಳಗೆ. ಮುಂದಿನ ಹಾರಾಟ ಯಾವತ್ತು ಅಂತ ಅವರ ಎದುರಿಗೇ ಗೊತ್ತು ಮಾಡೋಣ.”

ತಿರುಮಲಮ್ಮ ಹಿಂಜರಿಯುತ್ತಾ ಬಂದರು. ಭಾಗೀರಥಿ ತನ್ನ ಕುರ್ಚಿಯಲ್ಲಿ ಅವರನ್ನು ಕೂರಿಸಿ, ಪಕ್ಕದಲ್ಲೇ ನಿಂತು ಮಾತು ಮುಂದುವರಿಸಿದಳು. ಮುದುಕಿ ಒಮ್ಮೆ ಮಗಳ ಮುಖ ನೋಡಿದರು. ಆಮೇಲೆ ಮೇಜಿನ ಮೇಲಿದ್ದ ನೀರಿನ ಲೋಟ ಎತ್ತಿ ಗಟಗಟನೆ ಕುಡಿದರು.