ಯಾರ ಪೈಕಿ

ಚಿಕ್ಕೋಡಿಯಲ್ಲಿ ಬಾಡಿಗೆ ಮನೆ ಕೇಳಿಕೊಂಡು ಹೋದರೆ ಯಾರೂ ಬಾಗಿಲು ಹಾಕುವುದಿಲ್ಲ. ಬರ್ರಿ, ಕುಂದರ್ರಿ ಅನ್ನುತ್ತಾರೆ, ಫ್ಯಾನ್ ಹಚ್ಚುತ್ತಾರೆ, ಹೆಸರು ಕೇಳುತ್ತಾರೆ. ಉಜ್ವಲಾಳ ಅಪ್ಪ ಮಗಳನ್ನು ಶಾಲೆಗೆ ಹಾಕುವಾಗಲೇ ಇದನ್ನೆಲ್ಲ ಯೋಚಿಸಿ ಅಡ್ಡಹೆಸರಿನ ಜಾಗದಲ್ಲಿ ಊರ ಹೆಸರು ಬರೆಸಿದ್ದ. ಉಜ್ವಲಾ ಸತ್ತಿ. ಪಾಪ, ಅಷ್ಟರಿಂದ ಪಾರಾಗಬಹುದು ಅಂದುಕೊಂಡಿದ್ದ. ಜನ ಅಷ್ಟಕ್ಕೆ ಬಿಡುತ್ತಾರೆಯೇ? ಸತ್ತಿ ಅಂದರೆ ಊರಾಯಿತು, ಸತ್ತಿಯೊಳಗೆ ನೀವು ಯಾರ ಪೈಕಿ ಎಂದು ನಗುನಗುತ್ತ ಕೇಳುತ್ತಿದ್ದರು. ಛಲವಾದಿಯವರು ಅಂದೊಡನೆ ಮನೆಯವರಿಗೆ ಏನೋ ನೆನಪಾಗುತ್ತಿತ್ತು. ತಮ್ಮ ಬರುವವನಿದ್ದಾನೆ, ಸುಣ್ಣ ಹಚ್ಚುವುದಿದೆ, ನಿನ್ನೆಯೇ ಯಾರಿಗೋ ಮಾತು ಕೊಟ್ಟಿದ್ದೇವೆ. ಹೀಗೆ ಹನ್ನೊಂದು ಮನೆ. ಲಿಂಗಾಯತರು, ಮರಾಠರು, ಜೈನರು, ಬೇರೆ ಎಲ್ಲದರಲ್ಲಿ ಜಗಳಾಡುವವರು ಇದೊಂದರಲ್ಲಿ ಎಂಥ ಒಗ್ಗಟ್ಟು!

ಇದರಲ್ಲಿ ಇನ್ನೊಂದು ತಮಾಷೆ ಇತ್ತು. ಉಜ್ವಲಾ ಕಾಲೇಜಿನಲ್ಲಿ ಸಮಾಜಶಾಸ್ತ್ರದ ಅತಿಥಿ ಉಪನ್ಯಾಸಕಿ, ಅವಳ ಪಿಎಚ್‌ಡಿ ವಿಷಯವೇ ಈ ಭಾಗದ ಪಟ್ಟಣಗಳಲ್ಲಿ ಬಾಡಿಗೆ ಮನೆ ಮತ್ತು ಜಾತಿ. ಹನ್ನೊಂದು ಮನೆಯವರೂ ಅವಳ ಪ್ರಬಂಧದಲ್ಲಿ ಸಾಲಾಗಿ ಕುಳಿತರು. ಬರೆಯುವಾಗ ಒಂದು ನಮೂನೆ ಸಮಾಧಾನವಾಗುತ್ತಿತ್ತು. ಆದರೆ ಮಲಗುವುದಕ್ಕೆ ಜಾಗ ಬೇಕಲ್ಲ. ಸತ್ತಿಯಿಂದ ದಿನಾ ಎರಡು ಬಸ್ಸು ಬದಲಿಸಿ ಬಂದುಹೋಗುತ್ತ ಪ್ರಬಂಧ ಮುಗಿಸುವುದು ಆಗದ ಮಾತು, ದೀಪಾವಳಿಯೊಳಗೆ ಒಪ್ಪಿಸದಿದ್ದರೆ ನೋಂದಣಿಯೇ ರದ್ದು.

ಹನ್ನೆರಡನೆಯ ಮನೆ ಗಂಗೂಬಾಯಿಯದು. ಅರವತ್ತು ದಾಟಿದ ಜೈನ ವಿಧವೆ, ಮಗ ಸೊಸೆ ಕೊಲ್ಲಾಪುರದಲ್ಲಿ, ಕೆಳಗೆ ಒಬ್ಬಳೇ ಇರುತ್ತಿದ್ದಳು. ಉಜ್ವಲಾ ಹೋದಾಗ ಸಂಜೆ ಐದೂವರೆ. ಮಾತು ಉದ್ದವಾಯಿತು, ಹೊತ್ತು ಇಳಿಯಿತು. ಉಜ್ವಲಾ ಸಂಕೋಚದಿಂದ, ಕತ್ತಲಾಗುವುದರೊಳಗೆ ಉಂಡುಬಿಡುತ್ತೇನೆ ಎಂದು ಕಟ್ಟೆಯ ಮೇಲೆ ಡಬ್ಬಿ ಬಿಚ್ಚಿದಳು. ಸತ್ತಿಯಲ್ಲಿ ಅವರ ಓಣಿಯ ಕರೆಂಟು ಹೊತ್ತು ಮುಳುಗಿದೊಡನೆ ಹೋಗುತ್ತಿದ್ದುದರಿಂದ ಬೆಳಕಿರುವಾಗಲೇ ಉಣ್ಣುವುದು ಹುಟ್ಟಿನಿಂದ ಬಂದ ರೂಢಿ. ಗಂಗೂಬಾಯಿಯ ಮುಖ ಅರಳಿತು. ಈ ಕಾಲದ ಹುಡುಗಿ, ಜೈನರ ನೇಮದಂತೆ ಹೊತ್ತು ಮುಳುಗುವ ಮೊದಲೇ ಊಟ! ಇದು ನಮ್ಮ ಮಂದಿಯ ಕೂಸು ಎಂದು ಆಕೆಯೇ ತೀರ್ಮಾನ ಮಾಡಿದಳು. ಯಾರ ಪೈಕಿ ಎಂದು ಕೇಳಲೇ ಇಲ್ಲ, ಮಾಳಿಗೆಯ ಕೋಣೆಯ ಕೀಲಿ ಕೊಟ್ಟಳು. ಉಜ್ವಲಾ ತಾನಾಗಿ ಹೇಳಲೂ ಇಲ್ಲ.

ಮೂರು ತಿಂಗಳು ಸುಖವಾಗಿ ಕಳೆದವು. ಗಂಗೂಬಾಯಿಯನ್ನು ಅವಳು ಚಿಕ್ಕಮ್ಮನನ್ನು ಕರೆಯುವಂತೆ ಕಾಕು ಅನ್ನುತ್ತಿದ್ದಳು, ಅಡುಗೆ ಮನೆಗೆ ಹೋಗಿ ನೀರು ತುಂಬುತ್ತಿದ್ದಳು, ಇಬ್ಬರೂ ಎದುರುಬದುರು ಕುಳಿತು ಉಣ್ಣುತ್ತಿದ್ದರು. ಗಂಗೂಬಾಯಿ ಅವಳ ತಲೆಗೆ ಎಣ್ಣೆ ಹಚ್ಚುತ್ತಿದ್ದಳು. ಪ್ರೀತಿಯೇನು ಸುಳ್ಳಲ್ಲ. ಅದೇ ಇದರಲ್ಲಿನ ಹೊಲಸು.

ಆಗಸ್ಟ್‌ನಲ್ಲಿ ಒಂದು ಮಧ್ಯಾಹ್ನ ಉಜ್ವಲಾಳ ಅವ್ವ ಸೀತವ್ವ ಹೇಳದೆ ಕೇಳದೆ ಬಂದುಬಿಟ್ಟಳು. ಕಬ್ಬಿನ ಗರಿ ಕೊಯ್ದ ಗೀರುಗಳ ಕೈ, ಹಣೆಯ ಮೇಲೆ ಹಚ್ಚೆ, ಚೀಲದ ತುಂಬ ಹಸಿ ಶೇಂಗಾ. ಅಂಗಳದಲ್ಲಿದ್ದ ಗಂಗೂಬಾಯಿ ಯಾರಿವಳು ಎಂದು ಕೇಳಿದಳು. ಮೆಟ್ಟಿಲ ಮೇಲೆ ನಿಂತಿದ್ದ ಉಜ್ವಲಾ ಅಲ್ಲಿಂದಲೇ ಹೇಳಿದಳು.

'ನಮ್ಮೂರಾಕಿ ರೀ ಕಾಕು. ಹೊಲದಾಗ ದುಡಿಯಾಕ ಬರ್ತಾಳ.'

ಸೀತವ್ವ ಮಗಳ ಮುಖ ನೋಡಿದಳು. ದಡ್ಡಿಯಲ್ಲ ಆಕೆ. ಸೆರಗು ಸರಿಮಾಡಿಕೊಂಡು, 'ಹೌದ್ರಿ, ಅಕ್ಕೋರಿಗೆ ಇಷ್ಟ ಶೇಂಗಾ ಕೊಟ್ಟ ಹೋಗೂಣಂತ ಬಂದ್ನಿ' ಅಂದಳು. ಹೆತ್ತ ಮಗಳನ್ನು ಅಕ್ಕೋರು ಅಂದಳು. ಗಂಗೂಬಾಯಿ ಪಾಯಖಾನೆಯ ಗೋಡೆಯ ಮೇಲಿದ್ದ ಹಿಡಿಕೆ ಮುರಿದ ಕಪ್ಪಿಗೆ ಮೇಲಿನಿಂದ ಚಹಾ ಸುರಿದಳು. ಸೀತವ್ವ ಬಿಸಿಲಲ್ಲಿ ಕುಕ್ಕರಗಾಲಲ್ಲಿ ಕುಳಿತು ಕುಡಿದು, ಕಪ್ಪು ತೊಳೆದು ಬೋರಲು ಹಾಕಿ, ಬರುತ್ತೇನೆ ಅಕ್ಕೋರ ಎಂದು ಹೋದಳು. ಉಜ್ವಲಾ ಅದೇ ವಾರ ಬಿಎ ಎರಡನೆಯ ವರ್ಷದವರಿಗೆ ಶುದ್ಧ-ಅಶುದ್ಧದ ಪಾಠ ಮಾಡಿದ್ದಳು. ಹುಡುಗರು ಚಪ್ಪಾಳೆ ತಟ್ಟಿದ್ದರು. ಥೂ, ಅವಳ ಪಾಠಕ್ಕಷ್ಟು. ಅವತ್ತು ಸಂಜೆ ಅವ್ವನಿಗೆ ಫೋನು ಮಾಡಿದರೆ ಆಕೆ ಮಳೆ ಬಗ್ಗೆ ಮಾತಾಡಿ, ಪ್ರಬಂಧ ಮುಗಿಸು ಮೊದಲು ಅಂದಳು.

ಸೆಪ್ಟೆಂಬರ್ ಕೊನೆಗೆ ಸರಕಾರದ ಜಾತಿ ಸಮೀಕ್ಷೆ ಬಂತು. ಮೀಟರಿನ ಹತ್ತಿರ ಚೀಟಿ ಅಂಟಿಸಿ ಹೋಗಿದ್ದರು. ಒಂದು ಬೆಳಿಗ್ಗೆ ಪ್ರಾಥಮಿಕ ಶಾಲೆಯ ಭರತ ಮಾಸ್ತರರು ಮೊಬೈಲು ಹಿಡಿದು ಬೆವರುತ್ತ ಬಂದು ಕಟ್ಟೆಯ ಮೇಲೆ ಕುಳಿತರು. ಪಕ್ಕದ ಮನೆಯ ರಾಜಮತಿ ಇಂಥದನ್ನು ಬಿಡುವವಳಲ್ಲ, ಅವಳೂ ಬಂದು ಕುಳಿತಳು. ಗಂಗೂಬಾಯಿಯ ವಿವರ ಮುಗಿಯಿತು. ಮಾಳಿಗೆಯವರದು ಬೇರೆ ಕುಟುಂಬ, ಬೇರೆ ತುಂಬಬೇಕು ಎಂದರು ಮಾಸ್ತರರು. ಹೆಸರು, ವಯಸ್ಸು, ಓದು. ಆಮೇಲೆ ಅದು ಬಂತು.

ಉಜ್ವಲಾ ಬಾಯಿ ತೆರೆಯುವ ಮೊದಲೇ ಗಂಗೂಬಾಯಿ, 'ನಮ್ಮವಳ ಅದಾಳ್ರಿ ಮಾಸ್ತರ. ಜೈನ ಅಂತ ಬರಕೋರಿ' ಅಂದಳು.

ಸುಮ್ಮನಿದ್ದರೆ ಮುಗಿಯುತ್ತಿತ್ತು. ಮಾಸ್ತರರ ಬೆರಳು ಇಳಿಯುವುದೊಂದೇ ಬಾಕಿ. ದೀಪಾವಳಿಗೆ ಮೂರು ವಾರ, ಎರಡು ಅಧ್ಯಾಯ ಉಳಿದಿದ್ದವು. ಎಣಿಸಿಕೊಳ್ಳಿ, ಎಣಿಕೆಗೆ ಬಾರದವರಿಗೆ ಹಕ್ಕೂ ಬರುವುದಿಲ್ಲ ಎಂದು ನಿನ್ನೆ ತಾನೆ ತರಗತಿಯಲ್ಲಿ ಗಂಟಲು ಹರಿದುಕೊಂಡಿದ್ದಳು. ಆದರೆ ಆಗ ಅವಳಿಗೆ ಕಂಡದ್ದು ತರಗತಿಯಲ್ಲ, ಕಪ್ಪು ತೊಳೆಯುತ್ತಿದ್ದ ಅವ್ವನ ಬೆನ್ನು.

'ಅಲ್ರಿ ಸರ್, ಹಂಗ ಬರೀಬ್ಯಾಡ್ರಿ. ನಾನು ಪರಿಶಿಷ್ಟ ಜಾತಿ, ಛಲವಾದಿ. ತಾಯಿ ಹೆಸರು ಸೀತವ್ವ, ಸತ್ತಿ.'

ಮಾಸ್ತರರು ತಲೆ ಎತ್ತದೆ ಒತ್ತಿಕೊಂಡರು. ರಾಜಮತಿ ತಾನು ಕುಳಿತ ಜಾಗದಿಂದ ಒಂದು ಗೇಣು ಸರಿದು, ಹಾಲು ಒಲೆಯ ಮೇಲಿದೆ ಎಂದು ಎದ್ದಳು. ಹತ್ತು ನಿಮಿಷದಲ್ಲಿ ಓಣಿಗೆಲ್ಲ ಗೊತ್ತಾಗುತ್ತದೆ ಎಂಬುದು ಅವಳ ನಡಿಗೆಯಲ್ಲೇ ಇತ್ತು.

ಮಾಸ್ತರರೂ ಹೋದ ಮೇಲೆ ಉಜ್ವಲಾ ಬೈಗುಳಕ್ಕೆ ಕಾದು ನಿಂತಳು. ಮೋಸ ಮಾಡಿದಿ ಅನ್ನಬಹುದು, ಅಳಬಹುದು. ಯಾವುದಕ್ಕೂ ಅವಳ ಹತ್ತಿರ ಉತ್ತರವಿತ್ತು. ಗಂಗೂಬಾಯಿ ಮಾತ್ರ ಬೇಸರದಿಂದ, ಮಕ್ಕಳು ಹಾಲು ಚೆಲ್ಲಿದರೆ ಮಾತಾಡುವಂತೆ ಮಾತಾಡಿದಳು.

'ರಾಜಮತಿ ಮುಂದ ಯಾಕ ಹೇಳಿದಿ? ನಾ ಮುಚ್ಚಾಕತ್ತಿದ್ದೆ, ನೀ ಬಿಚ್ಚಿದಿ. ನಿನ್ನ ಅವ್ವ ಬಂದ ದಿನಾನ ನಂಗ ಗೊತ್ತಾಗಿತ್ತು. ಅದ ಗದ್ದ, ಅದ ಮೂಗು. ನಾಕ ಮಂದಿಗೆ ಗೊತ್ತಿಲ್ಲದ್ದು ನಂಗೂ ಗೊತ್ತಿಲ್ಲ ಅಂತ ಇದ್ನಿ. ಇನ್ನ ನಿನ್ನ ಹೆಂಗ ಇಟ್ಟಗೊಳ್ಲಿ? ಐತವಾರ ಖಾಲಿ ಮಾಡು.'

ಕಾಕುಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ಮರುದಿನ ತಲೆಗೆ ಎಣ್ಣೆ ಹಚ್ಚಿದ್ದಳು, ಎದುರು ಕುಳಿತು ಉಂಡಿದ್ದಳು. ಹಾಗಾದರೆ ಮೈಲಿಗೆ ಎಲ್ಲಿತ್ತು, ಮೈಯಲ್ಲೋ ರಾಜಮತಿಯ ಕಣ್ಣಲ್ಲೋ? ಇಷ್ಟು ಸಣ್ಣ, ಇಷ್ಟು ಹೊಲಸು ಲೆಕ್ಕ ಇದು. ಇದಕ್ಕೆ ಎಷ್ಟೆಲ್ಲ ದೊಡ್ಡ ದೊಡ್ಡ ಶಬ್ದ ಇಟ್ಟುಕೊಂಡು ಪ್ರಬಂಧ ಬರೆಯುತ್ತ ಕುಳಿತಿದ್ದೆನಲ್ಲ ಎಂದು ಉಜ್ವಲಾಳ ಮೈಯೆಲ್ಲ ಉರಿಯಿತು.

'ನಮ್ಮವ್ವ ಅಂತ ಗೊತ್ತಿದ್ದೂ ಪಾಯಖಾನಿ ಮ್ಯಾಲಿನ ಕಪ್ಪಿನ್ಯಾಗ ಚಾ ಕೊಟ್ರಿ?'

ಗಂಗೂಬಾಯಿ ಅವಳನ್ನು ನೆಟ್ಟಗೆ ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ.

'ನೀನ ಆಕಿನ್ನ ಅವ್ವ ಅನಲಿಲ್ಲ ತಂಗಿ. ನಾ ಯಾಕ ಅನ್ಲಿ?'

ಅಷ್ಟು ಹೇಳಿ ಆಕೆ ಅಕ್ಕಿಯ ಮೊರ ಎಳೆದುಕೊಂಡು ಹರಳು ಆರಿಸತೊಡಗಿದಳು. ಉಜ್ವಲಾಗೆ ಆ ಮುದುಕಿಯ ಮುಖಕ್ಕೆ ಉಗಿಯಬೇಕೆನಿಸಿತು. ಬಾಯಿಗೆ ಬಂದ ಉಗುಳನ್ನು ನುಂಗಿಕೊಂಡು ಮೆಟ್ಟಿಲು ಹತ್ತಿದಳು, ಏಕೆಂದರೆ ಆಕೆ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ.