ಕೊಟ್ಟ ಹೆಣ್ಣಿನ ಮೂರು ದಿನ

ಪೀಂ ಪೀಂ ಎಂದು ಹಿಂದಕ್ಕೆ ಸರಿಯುತ್ತಿರುವ ಆ ಫೋರ್ಕ್‌ಲಿಫ್ಟ್, ಪೆನ್‌ರೋಸಿನ ಗೋದಾಮುಗಳಿಗೆ ಒತ್ತಿಕೊಂಡ ನಮ್ಮ ವೃದ್ಧಾಶ್ರಮದ ಪಾರ್ಕಿಂಗ್, ಡ್ಯೂಟಿಗೆ ಇನ್ನೂ ಹನ್ನೆರಡು ನಿಮಿಷ, ಕಾರಿನ ಸ್ಪೀಕರಿನಲ್ಲಿ ಈ ದೇಶದ ಇನ್ನೊಂದು ತುದಿಯ ಡನೀಡಿನ್ನಿನಿಂದ ಅಪೇಕ್ಷಾ ತನ್ನ ಪ್ರಬಂಧ ಓದುತ್ತಿದ್ದಾಳೆ, ನನ್ನ ಮಗಳು, ಚೀನಾದ ಕಾನೂನು ಕಲಿಯುವವಳು — ಅದನ್ನ ಓದಿ ಏನ್ ಮಾಡ್ತೀಯೇ, ದೇವಸ್ಥಾನದಾಗ ಆಂಟಿಗೋಳು ಕೇಳ್ತಾರ, ನಾ ಏನ್ ಹೇಳ್ಲಿ, ಟೆಲ್ ದೆಮ್ ಐ ಸ್ಟಡಿ ಫ್ಯಾಮಿಲೀಸ್ ಅಮ್ಮಾ ಎಂದಿದ್ದಳು — ಇವತ್ತು ಹನ್ನೊಂದಕ್ಕೆ ಅವಳ ಸೆಮಿನಾರ್. ಹಳೆಯ ಚೀನಾದಲ್ಲಿ ಯಾರು ಸತ್ತರೆ ಯಾರು ಎಷ್ಟು ದಿನ ಎಂಥ ಬಟ್ಟೆ ಉಟ್ಟು ದುಃಖಿಸಬೇಕೆಂಬ ಪಟ್ಟಿ ಕಾನೂನಿನ ಪುಸ್ತಕದ ಮೊದಲಿಗೇ ಇರುತ್ತಿತ್ತಂತೆ, ಅಪ್ಪ ಸತ್ತರೆ ಮಗನಿಗೆ ಅಂಚು ಹೊಲಿಯದ ಒರಟು ನಾರುಬಟ್ಟೆ, ಮೂರು ವರ್ಷ, ಮದುವೆಯಾದ ಮಗಳಿಗೆ ಒಂದೇ ವರ್ಷ, ಮನೆ ದಾಟಿದವಳ ದುಃಖ ಒಂದು ಮೆಟ್ಟಿಲು ಕೆಳಗೆ, ನಮ್ಮಲ್ಲೂ ಹಾಗೇ ತಾನೆ, ಮಗನಿಗೆ ಹತ್ತು ದಿನದ ಸೂತಕ, ಕೊಟ್ಟ ಹೆಣ್ಣಿಗೆ ಮೂರು — ಈಗ ಅಲ್ಲಿ ಬೇರೆ ಕಾನೂನಂತೆ, ವಯಸ್ಸಾದ ತಂದೆತಾಯಿಯನ್ನು ದೂರವಿರುವ ಮಕ್ಕಳು ಆಗಾಗ ಹೋಗಿ ನೋಡಬೇಕಂತೆ, ಅದನ್ನು ಓದುವಾಗ ಅವಳ ದನಿ ಬದಲಾಗಲಿಲ್ಲ, ಆಮೇಲೆ ಬಂತು ನನ್ನ ಕುರಿತ ಸಾಲು, ಅಮ್ಮಾ ಇದು ಓಕೇನಾ ಹೇಳು, ವೆನ್ ಮೈ ಅಜ್ಜ ಡೈಡ್ ಇನ್ ಧಾರವಾಡ, ಕಸ್ಟಮ್ ಕೆಪ್ಟ್ ಮೈ ಮದರ್ ಅವೇ.

ಪದ್ಧತಿ ತಡೆಯಿತು. ನಾನೇ ಹಾಗೆಂದು ಅವಳಿಗೆ ಹೇಳಿದ್ದು, ತಮ್ಮ ಗುರುದತ್ ಅಳುತ್ತಲೇ ಕರೆದಿದ್ದ, ಬಾ ಅಕ್ಕಾ, ಐಸ್ ಪೆಟ್ಟಿಗಿಯೊಳಗ ಇಡತೀವಿ, ನೀ ಬರೂತನಕಾ ಎತ್ತೂದಿಲ್ಲ, ನಾನೇ ಅಂದೆ, ಬ್ಯಾಡೋ, ಕೊಟ್ಟ ಹೆಣ್ಣಿಗೆ ಮೂರೇ ದಿನ, ನನ್ನ ಸಲುವಾಗಿ ಕಾಯಬ್ಯಾಡ್ರಿ, ಅದಕ್ಕವನು ಅಂದ, ಶಾಸ್ತ್ರಾ ಯಾವಾಗಿಂದ ಓದಲಿಕ್ಕೆ ಹತ್ತೀ ಅಕ್ಕಾ, ಮೂರು ದಿನಾ ಅಂದ್ರ ಅಪ್ಪನ ಮಾರೀ ನೋಡಬಾರದಂತೇನು? ಈ ದೇಶದಲ್ಲೂ ಸಾವಿಗೆ ಮೂರೇ ದಿನ ರಜೆ, ಇನ್ನೊಂದು ವಾರ ತಗೋ ಎಂದಳು ಮ್ಯಾನೇಜರ್, ಬೇಡ ಎಂದೆ, ದಣಿದಿದ್ದೆ, ಅಷ್ಟೆ, ಡಬಲ್ ಶಿಫ್ಟುಗಳ ಮೇಲೆ ಡಬಲ್ ಶಿಫ್ಟು, ಫೋನು ಮಗುಚಿಟ್ಟು ಮಲಗಿದೆ, ಮೂರು ದಿನವೂ ಮಲಗಿದೆ, ವರ್ಷಗಳಿಂದ ಅಂಥ ನಿದ್ದೆ ಕಂಡಿರಲಿಲ್ಲ, ನಾಲ್ಕನೆಯ ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡು ಶುದ್ಧಳಾಗಿ ಕೆಲಸಕ್ಕೆ ಬಂದೆ — ಅಮ್ಮಾ? ಆರ್ ಯೂ ದೇರ್? — ಇನ್ನು ಸ್ವಲ್ಪ ಹೊತ್ತಿಗೆ ಅಷ್ಟು ಜನರೆದುರು ನಿಂತು ನನ್ನ ಸುಳ್ಳನ್ನು ಅವಳು ನಿಜವೆಂದು ಓದುತ್ತಾಳೆ, ಹೇಳಿಬಿಡು, ಆ ಸಾಲು ತೆಗಿ ಕೂಸ, ಯಾರೂ ತಡೀಲಿಲ್ಲ, ನಾನೇ ಹೋಗಲಿಲ್ಲ, ಬಾಯಿ ತೆರೆದೆ — ಅಂದು ಗುರುದತ್ ಕಳಿಸಿದ್ದ ವಿಡಿಯೋ ಕಣ್ಣ ಮುಂದೆ, ಅಪ್ಪನ ಪಾದ, ಎರಡೂ ಹೆಬ್ಬೆರಳು ಸೇರಿಸಿ ಬಿಳಿ ದಾರ ಕಟ್ಟಿದ್ದಾರೆ, ಉಗುರು ಬೆಳೆದು ಬಾಗಿದೆ, ಊರಿಗೆ ಹೋದಾಗಲೆಲ್ಲ ನಾನು ಕತ್ತರಿಸುತ್ತಿದ್ದ ಉಗುರು, ಸಕ್ಕರಿ ಕಾಯಿಲೆ ಅಪ್ಪಾ, ನೀವು ಬ್ಲೇಡ್ ಹಚ್ಚಬ್ಯಾಡ್ರಿ, ನರ್ಸ್ ಮಗಳಿದ್ದೀನಲ್ಲಾ, ನಾ ಬಂದು ತೆಗೀತೀನಿ — ಯೆಸ್ ಆರ್ ನೋ, ಅಮ್ಮಾ? — ಅಪ್ಪ ಯಾರಿಗೂ ಮುಟ್ಟಗೊಟ್ಟಿಲ್ಲ, ನನಗಾಗಿ ಕಾದಿದ್ದಾರೆ — ಸರಿ ಅದ ಕೂಸ, ಓದು, ಎನ್ನುತ್ತದೆ ನನ್ನ ಬಾಯಿ — ಬಿಳಿ ದಾರ, ಉಗುರು, ದಾರದ ಮೇಲೆ ಬಾಗಿದ ಉಗುರು,