ಪೆಟ್ಟಿಗೆಯ ಬೆನ್ನು

ಕಾಫಿ ವ್ಯಾಪಾರಿ ತಿಮ್ಮಪ್ಪಗೌಡರು ಯಾರ ಮೂಟೆಯನ್ನೂ ಬಾಯಿ ಬಿಚ್ಚಿ ನೋಡಿ ಕೊಂಡವರಲ್ಲ. ಮೇಲೆ ಒಳ್ಳೇ ಬೀಜ ಹರಡಿ ಅಡಿಯಲ್ಲಿ ಕಪ್ಪು ಬೀಜ ತುಂಬುವವರನ್ನು ಬೇಕಾದಷ್ಟು ಕಂಡಿದ್ದರು. ಮೂಟೆಯ ಹಿಂಬದಿಗೆ ಕೊಳವೆ ಚುಚ್ಚಿ, ಹೊರಬಂದ ಬೀಜ ಕಚ್ಚಿ ನೋಡಿದ ಮೇಲೆಯೇ ಮಾತು.

ತಾವು ಹಾಡಿದ ಭಜನೆಗಳ ಸಿ.ಡಿ. ಕೇಳಲು ಗೋಣಿಬೀಡಿನ ಧರ್ಮೇಶನ ಸ್ಟುಡಿಯೋಗೆ ಬಂದಾಗಲೂ ಅಷ್ಟೇ. ಧರ್ಮೇಶ ತಾನೇ ಕಟ್ಟಿದ ಎರಡು ಸ್ಪೀಕರ್‌ಗಳಲ್ಲಿ ಮೊದಲು ತಂಬೂರಿ ಹಾಕಿದ. ಗೌಡರು ಎದುರಿನ ಕುರ್ಚಿ ಬಿಟ್ಟು ನೇರ ಸ್ಪೀಕರ್ ಪೆಟ್ಟಿಗೆಯ ಬೆನ್ನಿಗೆ ಕಿವಿ ಹಚ್ಚಿದರು. ಅಲ್ಲಿ ಬರೀ ಗುಸುಗುಸು.

"ಮುಂದೆ ಚಂದ, ಹಿಂದೆ ಟೊಳ್ಳು. ಯಾರಿಗೆ ಟೋಪಿ ಹಾಕ್ತೀಯ ಮಾರಾಯ?"

"ಬೇಕಂತ್ಲೇ ಹಾಗೆ ಮಾಡಿದ್ದು ಗೌಡ್ರೇ. ಆಂಪ್ಲಿಫೈಯರ್ ಒಳಗೇ ಇದೆ. ಹಿಂದಿನ ಸಣ್ಣ ಸ್ಪೀಕರ್ ಉಲ್ಟಾ ಶಬ್ದ ಕೊಟ್ಟು, ಹಿಂದಕ್ಕೆ ಬರೋದನ್ನ ಅಳಿಸಿಬಿಡ್ತದೆ. ಇಲ್ಲದಿದ್ರೆ ಅದು ಗೋಡೆಗೆ ಬಡಿದು ವಾಪಸ್ ಬಂದು ದನಿಗೆ ಇಲ್ಲದ ತೂಕ ಕೊಡ್ತದೆ. ನೀವು ಮುಂದೆ ಕೂತ್ಕೊಳ್ಳಿ, ಇದ್ದದ್ದು ಇದ್ದ ಹಾಗೇ ಕೇಳ್ತದೆ."

ಗೌಡರು ಅರೆಮನಸ್ಸಿನಿಂದ ಕುಳಿತರು. ಧರ್ಮೇಶ ಈಗ ಗೌಡರ ಭಜನೆಯನ್ನೇ ಹಾಕಿದ. ಊರ ಭಜನಾಮಂದಿರದಲ್ಲಿ ಗುಂಯ್‌ಗುಡುತ್ತಿದ್ದ ದನಿ ಇಲ್ಲಿ ಬೆತ್ತಲೆ ನಿಂತಿತ್ತು. ಶ್ರುತಿ ಜಾರಿದ್ದು, ಉಸಿರು ಸಾಲದೆ ಪದದ ಬಾಲ ನುಂಗಿದ್ದು, ಎಲ್ಲವೂ ಕೇಳಿಸಿತು.

ಗೌಡರು ಧರ್ಮೇಶನ ಮುಖವನ್ನೇ ದಿಟ್ಟಿಸಿದರು. ಅವನು ನಗಲಿಲ್ಲ; ಅದರಿಂದ ಅವರ ಅನುಮಾನ ಇನ್ನೂ ಹೆಚ್ಚಿತು. ಎದ್ದು, ಕುರ್ಚಿಯನ್ನು ದರದರ ಎಳೆದುಕೊಂಡು ಹೋಗಿ ಪೆಟ್ಟಿಗೆಗಳ ಹಿಂದೆ ಕುಳಿತು ಕಣ್ಣು ಮುಚ್ಚಿದರು. ಅಲ್ಲಿ ಭಜನೆಯೂ ಬರೀ ಗುಸುಗುಸು.

"ಹಾಂ, ಇಲ್ಲಿ ಕಲಬೆರಕೆ ಇಲ್ಲ. ಈಗ ಕೇಳ್ತಿದೆ ನೋಡು ನನ್ನ ದನಿ."